ಆಚೆ ಲೋಕದವರ ದೇವರು ಯಾರು?

ಕನ್ನಡದ ಒಂದು ನಮಸ್ಕಾರ ಈಗ ಭೂಮಿಯಿಂದ 2,400 ಕೋಟಿ ಕಿಲೋಮೀಟರಿಗೂ ಆಚೆ ಹೋಗುತ್ತಿದೆ. ತಮಾಷೆಯಲ್ಲ ಮಕ್ಕಳೇ, ನಿಜ. 1977ರಲ್ಲಿ ಅಮೆರಿಕದ ನಾಸಾ ಸಂಸ್ಥೆ ವಾಯೇಜರ್ ಎಂಬ ಹೆಸರಿನ ಎರಡು ನೌಕೆಗಳನ್ನು ಹಾರಿಸಿತು. ಎರಡರಲ್ಲೂ ತಾಮ್ರಕ್ಕೆ ಚಿನ್ನದ ಲೇಪ ಕೊಟ್ಟ ಒಂದೊಂದು ತಟ್ಟೆ ಇದೆ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ, ಗ್ರಾಮಫೋನ್ ಪ್ಲೇಟ್ ಹೇಗಿರುತ್ತಿತ್ತು ಎಂದು ಹೇಳುತ್ತಾರೆ. ಇದೂ ಹಾಗೆಯೇ. ಎಂದಾದರೂ, ಎಲ್ಲಾದರೂ, ಯಾರಾದರೂ ಸಿಕ್ಕಿದರೆ ಕೇಳಿಸಿಕೊಳ್ಳಲಿ ಎಂದು ಅದರಲ್ಲಿ 55 ಭಾಷೆಗಳ ಶುಭಾಶಯ ಇಟ್ಟಿದ್ದಾರೆ. ಅದರಲ್ಲಿ ಕನ್ನಡವೂ ಇದೆ. ಕನ್ನಡಿಗರೆಲ್ಲರ ಪರವಾಗಿ ಒಬ್ಬರು ಶುಭ ಕೋರಿದ್ದಾರೆ. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ವಾಯೇಜರ್-1 ಹೊರಟದ್ದು ಆ ವರ್ಷ ಸೆಪ್ಟೆಂಬರ್ 5ಕ್ಕೆ. ಆ ಮಹಾ ಗಾಯಕಿ ತೀರಿಕೊಂಡದ್ದು ಅದೇ ತಿಂಗಳು 16ಕ್ಕೆ. ದನಿ ಮಾತ್ರ ಇನ್ನೂ ಪ್ರಯಾಣದಲ್ಲಿದೆ.

ಆಗ ನಾನು ಬ್ಯಾಂಕಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಎತ್ತಲಾರದಷ್ಟು ದಪ್ಪದ ಲೆಡ್ಜರುಗಳಲ್ಲಿ ಬಡ್ಡಿ ಲೆಕ್ಕ ಹಾಕುತ್ತ ಕುಳಿತಿದ್ದವನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಗೊತ್ತಾದದ್ದು ಈಗ, ಎಪ್ಪತ್ತು ದಾಟಿದ ಮೇಲೆ, ಮೊಮ್ಮಗಳಿಂದ.

ಅವಳು ಒಂಬತ್ತನೆಯ ತರಗತಿ. ಕಳೆದ ರಜೆಯಲ್ಲಿ ಅವಳನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ದೀಪ ಆರಿಸಿ, ತಲೆಯ ಮೇಲಿನ ಗುಮ್ಮಟದ ತುಂಬ ನಕ್ಷತ್ರ ಹರಡಿದರು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷ. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರದ ಬೆಳಕು ಬರಲು ನಾಲ್ಕು ವರ್ಷಕ್ಕೂ ಹೆಚ್ಚು. ನಮ್ಮ ಆಕಾಶಗಂಗೆ ಒಂದರಲ್ಲೇ ಕಡಿಮೆಯೆಂದರೂ ಹತ್ತು ಸಾವಿರ ಕೋಟಿ ನಕ್ಷತ್ರಗಳು. ಅಂಥ ಗ್ಯಾಲಕ್ಸಿಗಳೇ ಎಣಿಕೆಗೆ ಸಿಗದಷ್ಟು. ಹೊರಗೆ ಬಂದಾಗ ಹುಡುಗಿ ಮಾತೇ ಆಡಲಿಲ್ಲ. ಐಸ್ ಕ್ರೀಂ ಬೇಕೇ ಎಂದರೆ ಬೇಡವೆಂದಳು. ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡಿದೆ.

ಸಂಜೆ ಮನೆಯಲ್ಲಿ ಗೊತ್ತಾಯಿತು. ನಮ್ಮಲ್ಲಿ ದೀಪ ಹಚ್ಚಿ ಶ್ಲೋಕ ಹೇಳುವುದು ಅವಳ ಕೆಲಸ, ನಾಲ್ಕು ವರ್ಷದವಳಿದ್ದಾಗಿನಿಂದ. ಅಜ್ಜಿ ಬತ್ತಿ ಹೊಸೆದು, ಎಣ್ಣೆ ಹಾಕಿ ಕರೆದರೆ, ಇವಳು ಬಾಗಿಲಲ್ಲೇ ನಿಂತು ಕೇಳಿದಳು:

“ಅಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ನಮ್ಮನೆ ದೀಪ ಯಾರಿಗೆ ಕಾಣತ್ತೆ ಅಜ್ಜಿ? ಬೇರೆ ಗ್ರಹಗಳಲ್ಲೂ ಜನ ಇದ್ರೆ, ಅವರಿಗೆಲ್ಲ ರಾಮ ಕೃಷ್ಣ ಗೊತ್ತಾ? ಇಲ್ಲ ಅಂದ್ರೆ ನಮ್ಮ ದೇವರು ಬರೀ ಈ ಭೂಮಿಗೆ ಮಾತ್ರವಾ?”

ಇದು ತಲೆಹರಟೆಯ ಪ್ರಶ್ನೆಯಲ್ಲ ಎಂದು ನನಗೆ ತಕ್ಷಣ ಅನ್ನಿಸಿತು. ನನ್ನಾಕೆ ಮಾತ್ರ ಏನೂ ಹೇಳದೆ ತಾನೇ ದೀಪ ಹಚ್ಚಿ ಒಳಗೆ ಹೋದಳು. ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ಅವಳಿಗೆ ಹೃದಯದ ಆಪರೇಷನ್ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಆ ಹನ್ನೊಂದು ದಿನವೂ ಐದು ವರ್ಷದ ಈ ಮಗು ಮಣೆಯ ಮೇಲೆ ಹತ್ತಿ ನಿಂತು ದೀಪ ಹಚ್ಚಿತ್ತು. “ನಾನು ಉಳಿದದ್ದು ಆ ದೀಪದಿಂದ” ಎಂದು ನನ್ನಾಕೆ ಬಂದವರಿಗೆಲ್ಲ ಹೇಳುತ್ತಾಳೆ. ಈಗ ಆ ಮಗುವೇ, ದೀಪ ಯಾರಿಗೂ ಕಾಣುವುದಿಲ್ಲ ಎಂದರೆ?

ರಾತ್ರಿ ನನಗೆ ಹೇಳಿದಳು, “ರೀ, ನೀವು ಓದಿದವರು. ನೀವೇ ಏನಾದ್ರೂ ಹೇಳಿ ಅವಳಿಗೆ.”

ನಾನು ಓದಿದ್ದು ಬಿ.ಕಾಂ. ಅದರಲ್ಲಿ ಬ್ರಹ್ಮಾಂಡದ ಲೆಕ್ಕಪತ್ರ ಇರಲಿಲ್ಲ. ಆದರೂ ಗ್ರಂಥಾಲಯಕ್ಕೆ ಹೋದೆ, ಬಲ್ಲವರನ್ನು ಕೇಳಿದೆ, ಅವಳ ಫೋನಿನಲ್ಲಿ ಅವಳಿಂದಲೇ ಹುಡುಕಿಸಿದೆ.

ಮೊದಲು ಗ್ರಹಗಳ ವಿಷಯ. ನಾವು ಶಾಲೆಯಲ್ಲಿದ್ದಾಗ ಗ್ರಹಗಳು ಒಂಬತ್ತು, ಮುಗಿಯಿತು. ಸೂರ್ಯನಂಥ ಬೇರೊಂದು ನಕ್ಷತ್ರಕ್ಕೂ ಗ್ರಹವಿದೆ ಎಂದು ಪತ್ತೆಯಾದದ್ದು 1995ರಲ್ಲಿ. ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಎಂಬ ಇಬ್ಬರು ಸ್ವಿಸ್ ವಿಜ್ಞಾನಿಗಳು ಕಂಡುಹಿಡಿದರು. ಅದಕ್ಕೆ ಅವರಿಗೆ 2019ರಲ್ಲಿ ನೊಬೆಲ್ ಬಂತು. 2022ರ ಹೊತ್ತಿಗೆ ಅಂಥ ಗ್ರಹಗಳ ಸಂಖ್ಯೆ ಐದು ಸಾವಿರ ದಾಟಿತ್ತು. ಅದರಲ್ಲೊಂದಕ್ಕೆ ನಮ್ಮ ದೇಶದವರೇ ಹೆಸರಿಟ್ಟಿದ್ದಾರೆ. ನಕ್ಷತ್ರಕ್ಕೆ ‘ಬಿಭಾ’ ಎಂದು, ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ. ಗ್ರಹಕ್ಕೆ ‘ಸಂತಮಸ’ ಎಂದು. ಸಂತಮಸ ಎಂಬ ಹೆಸರು ಸೂಚಿಸಿದವನು ಪುಣೆಯ ಒಬ್ಬ ಶಾಲಾ ಹುಡುಗ. ಅಲ್ಲಿ ಒಂದು ವರ್ಷವೆಂದರೆ ನಮ್ಮ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು. ನನ್ನಂಥ ಪಿಂಚಣಿದಾರ ಅಲ್ಲಿದ್ದರೆ ಎರಡು ದಿನಕ್ಕೊಮ್ಮೆ ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಎಂದು ಲೈಫ್ ಸರ್ಟಿಫಿಕೇಟ್ ಕೊಡಬೇಕು! ಆದರೆ ಆ ಗ್ರಹ ಕುದಿಯುವ ಅನಿಲದ ಉಂಡೆ. ಅಲ್ಲಿ ಯಾರೂ ಇರಲಾರರು. ಇಷ್ಟು ಸಾವಿರ ಗ್ರಹಗಳಲ್ಲಿ ಯಾವುದರಲ್ಲೂ ಜೀವವಿದೆ ಎಂದು ಇನ್ನೂ ಸಾಬೀತಾಗಿಲ್ಲ. ಇರಬಹುದು, ಅಷ್ಟೇ. ಮೊಮ್ಮಗಳ ಪ್ರಶ್ನೆಗೆ ಆ ‘ಇರಬಹುದು’ ಸಾಕು.

ಈ ಪ್ರಶ್ನೆ ಕೇಳಿದವಳು ಅವಳೇ ಮೊದಲಲ್ಲ ಎಂದು ತಿಳಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಯುರೋಪಿನಲ್ಲಿ ನಿಕೊಲಾಸ್ ಎಂಬ ಕ್ರೈಸ್ತ ಪಂಡಿತರು 1440ರಲ್ಲೇ, ನಕ್ಷತ್ರ ಲೋಕಗಳಲ್ಲೂ ನಿವಾಸಿಗಳು ಇದ್ದಾರು ಎಂದು ಬರೆದರು. ಅವರಿಗೆ ಏನೂ ಆಗಲಿಲ್ಲ. ಮುಂದೆ ಕಾರ್ಡಿನಲ್ ಎಂಬ ದೊಡ್ಡ ಪದವಿಯೇ ಸಿಕ್ಕಿತು. ಅದಾಗಿ ನೂರಅರವತ್ತು ವರ್ಷಕ್ಕೆ, 1600ರ ಫೆಬ್ರವರಿ 17ರಂದು, ಲೋಕಗಳು ಅನಂತ ಎಂದ ಜೋರ್ಡಾನೊ ಬ್ರೂನೊ ಅವರನ್ನು ರೋಮ್ ನಗರದ ಚೌಕದಲ್ಲಿ ಜೀವಂತ ಸುಟ್ಟರು. ಅವರ ಮೇಲೆ ಬೇರೆ ಆಪಾದನೆಗಳೂ ಹಲವು ಇದ್ದವು, ಇದೊಂದೇ ಅಲ್ಲ. ಆದರೂ ಆ ಪಟ್ಟಿಯಲ್ಲಿ ಇದೂ ಇತ್ತಲ್ಲ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಅದೇ ರೋಮಿನ ಚರ್ಚಿಗೆ ಇವತ್ತು ಸ್ವಂತ ಖಗೋಳ ವೀಕ್ಷಣಾಲಯವಿದೆ. ಪಾದ್ರಿಗಳೇ ದೂರದರ್ಶಕ ನೋಡುತ್ತಾರೆ. 2008ರಲ್ಲಿ ಅದರ ನಿರ್ದೇಶಕರಾಗಿದ್ದವರು ಅರ್ಜೆಂಟೀನಾದ ಪಾದ್ರಿ ಹೊಸೆ ಫೂನೆಸ್. ವ್ಯಾಟಿಕನ್ನಿನ ದಿನಪತ್ರಿಕೆಯವರು ಅವರನ್ನು ನಮ್ಮ ಹುಡುಗಿಯ ಪ್ರಶ್ನೆಯನ್ನೇ ಕೇಳಿದರು. ಅವರ ಉತ್ತರದ ಸಾರ ಇಷ್ಟು: ಸಂತ ಫ್ರಾನ್ಸಿಸ್ ಪ್ರಾಣಿ ಪಕ್ಷಿಗಳನ್ನು ಅಣ್ಣ, ತಂಗಿ ಎಂದು ಕರೆದರು, ಹಾಗಿದ್ದ ಮೇಲೆ ಬೇರೆ ಲೋಕದ ಜೀವಿಯನ್ನು ಸಹೋದರ ಎನ್ನಲು ಅಡ್ಡಿಯೇನು?

ಆಮೇಲೆ ಅವರು ಬೈಬಲಿನ ಒಂದು ಕಥೆ ನೆನಪಿಸುತ್ತಾರೆ. ಒಬ್ಬ ಕುರುಬನಿಗೆ ನೂರು ಕುರಿ. ಒಂದು ತಪ್ಪಿಸಿಕೊಳ್ಳುತ್ತದೆ. ಅವನು ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿ ಹೋಗುತ್ತಾನೆ. ಫೂನೆಸ್ ಹೇಳಿದ್ದು, ಬ್ರಹ್ಮಾಂಡದ ತುಂಬ ಜೀವಿಗಳಿದ್ದರೆ ಅವರೆಲ್ಲ ದೇವರ ಜೊತೆ ಚೆನ್ನಾಗಿಯೇ ಇರಬಹುದು. ದಾರಿ ತಪ್ಪಿದ ಆ ಒಂದು ಕುರಿ ಬಹುಶಃ ನಾವೇ. ನನಗೆ ಈ ಮಾತು ಬಹಳ ಹಿಡಿಸಿತು. ನಾವು ಸಾಧಾರಣವಾಗಿ ಯೋಚಿಸುವುದು ತಿರುಗಾಮುರುಗಾ: ನಾವೇ ಮುಖ್ಯ, ಉಳಿದವರು ಇದ್ದರೆ ಇರಲಿ ಎಂದು. ಒಬ್ಬ ಪಾದ್ರಿ ಕುಳಿತು, ಇಡೀ ಮಂದೆಯಲ್ಲಿ ನಾವೊಬ್ಬರೇ ಕೈತಪ್ಪಿದವರೋ ಏನೋ ಎನ್ನುತ್ತಾರೆ! ಅವರ ನಂತರ ಅದೇ ಜಾಗಕ್ಕೆ ಬಂದ ಗೈ ಕಾನ್ಸಲ್ಮಾಗ್ನೊ ಅವರಂತೂ ಈ ವಿಷಯಕ್ಕೆ ಒಂದು ಪುಸ್ತಕವನ್ನೇ ಸಹಲೇಖಕರಾಗಿ ಬರೆದಿದ್ದಾರೆ. ಅನ್ಯಗ್ರಹದವರಿಗೆ ದೀಕ್ಷೆ ಕೊಡುವಿರಾ ಎಂದರೆ, ಅವರಾಗಿ ಕೇಳಿದರೆ ಮಾತ್ರ ಎನ್ನುತ್ತಾರಂತೆ. ಕೇಳದೆ ಕೊಡಲು ಹೋಗಬಾರದು ಎಂಬ ವಿವೇಕ ಭೂಮಿಯ ಮೇಲೂ ಎಲ್ಲ ಮತದವರಿಗೂ ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು!

ಬೆಳಗಿನ ವಾಕಿಂಗಿನಲ್ಲಿ ನನ್ನ ಹಳೆಯ ಸಹೋದ್ಯೋಗಿ, ನಮ್ಮ ಶಾಖೆಯ ಕ್ಯಾಷಿಯರ್ ಆಗಿದ್ದ ಸಾಹೇಬರು ಜೊತೆಯಾಗುತ್ತಾರೆ. ಅವರನ್ನೂ ಕೇಳಿದೆ. “ರಾಯರೇ, ಇದರಲ್ಲೇನಿದೆ? ನಾವು ದಿನಾ ನಮಾಜಿನಲ್ಲಿ ಹೇಳೋ ಮೊದಲನೇ ಅಧ್ಯಾಯದಲ್ಲೇ ದೇವರನ್ನ ಲೋಕಗಳ ಒಡೆಯ ಅಂತೀವಿ. ಲೋಕದ ಅಲ್ಲ, ಲೋಕಗಳ. ಆಕಾಶಗಳಲ್ಲೂ ಭೂಮಿಯಲ್ಲೂ ಜೀವಿಗಳನ್ನ ಹರಡಿದಾನೆ ಅಂತ ಇನ್ನೊಂದು ಕಡೆ ಬರುತ್ತೆ. ದೊಡ್ಡವರು ಅದಕ್ಕೆ ಬೇರೆ ಬೇರೆ ಅರ್ಥ ಹೇಳ್ತಾರೆ, ನನಗೆ ಅಷ್ಟೆಲ್ಲ ಗೊತ್ತಿಲ್ಲ. ಆದರೆ ಬಹುವಚನ ಬಹುವಚನವೇ ಅಲ್ವಾ?” ಎಂದರು. ನೋಟು ಎಣಿಸಿದ ಕೈ. ಒಂದು ಮತ್ತು ಹಲವು ಇವುಗಳ ವ್ಯತ್ಯಾಸ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಗೆ ಬಂದು ನೋಡಿದರೆ, ನಾವು ಪೂಜೆಯ ಕೊನೆಗೆ ಎಲ್ಲರೂ ಸುಖವಾಗಿರಲಿ ಎಂದು ಹೇಳುವ ಮಾತಿನಲ್ಲೂ ಲೋಕ ಶಬ್ದ ಬಹುವಚನದಲ್ಲೇ ಇದೆ. ಸಂಸ್ಕೃತದಲ್ಲಿ ಲೋಕ ಎಂದರೆ ಜನ ಎಂದೂ ಅರ್ಥವಾಗುತ್ತದೆ, ಅದು ಬೇರೆ ಮಾತು.

ಇನ್ನೊಂದು ನೆನಪಾಯಿತು. ತೀರ್ಥಹಳ್ಳಿ ಕಡೆ ಕೆಲಸದಲ್ಲಿದ್ದಾಗ ಜೈನ ವರ್ತಕರೊಬ್ಬರು ಡಿ.ಡಿ. ಮಾಡಿಸಲು ಬರುತ್ತಿದ್ದರು. ಅಲ್ಲೇ ಹತ್ತಿರದ ಕುಂದಾದ್ರಿ ಬೆಟ್ಟ ನೀವು ಕೇಳಿರುತ್ತೀರಿ. ಕುಂದಕುಂದಾಚಾರ್ಯರ ಹೆಸರಿನೊಂದಿಗೆ ಸೇರಿದ ಬೆಟ್ಟ ಅದು. ನಮ್ಮ ಭಾಗದಲ್ಲಿ ಈಗ ತೀರ್ಥಂಕರರಿಲ್ಲ, ಆದರೆ ವಿದೇಹ ಎಂಬ ಕ್ಷೇತ್ರದಲ್ಲಿ ಸೀಮಂಧರ ಸ್ವಾಮಿಗಳು ಈ ಗಳಿಗೆಯಲ್ಲೂ ಉಪದೇಶ ಮಾಡುತ್ತಿದ್ದಾರೆ, ಆಚಾರ್ಯರು ಅಲ್ಲಿಗೆ ಹೋಗಿ ಕೇಳಿ ಬಂದರು ಎಂದು ಆ ವರ್ತಕರು ಹೇಳುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ, ದೂರದೂರಿನಲ್ಲಿರುವ ಸ್ವಂತ ಅಣ್ಣನ ವಿಷಯ ಹೇಳುವಂಥ ನೆಮ್ಮದಿ ಇರುತ್ತಿತ್ತು. ನಮ್ಮಲ್ಲಿಲ್ಲದ ಒಳ್ಳೆಯದು ಇನ್ನೊಂದು ಕಡೆ ಇದೆ ಎಂದು ಹೊಟ್ಟೆಕಿಚ್ಚಿಲ್ಲದೆ ನಂಬುವುದು ಸಣ್ಣ ಮಾತಲ್ಲ.

ಇಲ್ಲಿ ಒಂದು ಮಾತು ಖಾರವಾಗಿಯೇ ಹೇಳಬೇಕು. ನಮ್ಮ ವಾಕಿಂಗ್ ಗುಂಪಿನ ವಾಟ್ಸ್ಆ್ಯಪಿನಲ್ಲಿ ವಾರಕ್ಕೊಂದು ಸಂದೇಶ ಬರುತ್ತದೆ: ನಮ್ಮ ಹದಿನಾಲ್ಕು ಲೋಕಗಳನ್ನು ನಾಸಾ ಒಪ್ಪಿಕೊಂಡಿದೆ, ಅತಳ ವಿತಳ ಎಂದರೆ ಇಂಥಿಂಥ ಗ್ರಹ ಎಂದು. ಯಾರೂ ಒಪ್ಪಿಕೊಂಡಿಲ್ಲ. ಪುರಾಣ ಹೇಳಿದವರು ದೂರದರ್ಶಕ ಇಟ್ಟುಕೊಂಡು ಕೂತಿರಲಿಲ್ಲ. ಅವರು ನೋಡಲು ಹೊರಟದ್ದು ಮನುಷ್ಯನ ಒಳಗನ್ನು. ಅಲ್ಲಿ ಅವರಿಗೆ ಕಂಡದ್ದು ನಾಸಾದ ಮೊಹರಿಲ್ಲದೆಯೂ ನಿಲ್ಲುತ್ತದೆ.

ಏನು ಕಂಡಿತು ಎಂಬುದನ್ನು ನನಗಿಂತ ಚೆನ್ನಾಗಿ ಹೇಳಿದವಳು ನನ್ನಾಕೆ. ಒಂದು ಮಧ್ಯಾಹ್ನ ಹುರುಳಿಕಾಯಿ ನಾರು ತೆಗೆಯುತ್ತ, ಮೊಮ್ಮಗಳ ಮುಖ ನೋಡದೆಯೇ ಶುರು ಮಾಡಿದಳು. ಬ್ರಹ್ಮವೈವರ್ತ ಪುರಾಣದ ಕಥೆ ಅದು.

ವೃತ್ರನನ್ನು ಕೊಂದ ಮೇಲೆ ಇಂದ್ರನಿಗೆ ಜಂಬ ಬಂತು. ತನ್ನ ಯೋಗ್ಯತೆಗೆ ತಕ್ಕ ಅರಮನೆ ಬೇಕೆಂದು ವಿಶ್ವಕರ್ಮನಿಗೆ ಹೇಳಿದ. ವಿಶ್ವಕರ್ಮ ಕಟ್ಟಿದ. ಇನ್ನೊಂದು ಉಪ್ಪರಿಗೆ ಬೇಕು ಎಂದ. ಕಟ್ಟಿದ. ಇನ್ನೊಂದು ಕೊಳ, ಇನ್ನೊಂದು ತೋಟ. ಮುಗಿಯುವ ಲಕ್ಷಣವೇ ಇಲ್ಲ. ಸೋತ ವಿಶ್ವಕರ್ಮ ಬ್ರಹ್ಮನಲ್ಲಿಗೆ ಹೋದ, ಬ್ರಹ್ಮ ವಿಷ್ಣುವಿನಲ್ಲಿಗೆ. ಮರುದಿನ ಬೆಳಿಗ್ಗೆ ಇಂದ್ರನ ಬಾಗಿಲಿಗೆ ಒಬ್ಬ ಪುಟ್ಟ ವಟು ಬಂದ. ಅರಮನೆಯನ್ನೆಲ್ಲ ನೋಡಿ, “ಚೆನ್ನಾಗಿದೆ. ಹಿಂದಿನ ಯಾವ ಇಂದ್ರನೂ ಇಷ್ಟು ದೊಡ್ಡದು ಕಟ್ಟಿಸಿರಲಿಲ್ಲ” ಎಂದ. ಇಂದ್ರ ನಕ್ಕ. “ಮಗೂ, ನೀನು ಎಷ್ಟು ಇಂದ್ರರನ್ನು ನೋಡಿದ್ದೀಯೆ?” ವಟು ಹೇಳಿದ, ಭೂಮಿಯ ಮರಳಿನ ಕಣ ಎಣಿಸಬಹುದು, ಇಂದ್ರರನ್ನು ಎಣಿಸಲಾಗದು. ಒಂದರ ಪಕ್ಕ ಒಂದು ಬ್ರಹ್ಮಾಂಡಗಳು. ಒಂದೊಂದಕ್ಕೂ ಅದರದೇ ಬ್ರಹ್ಮ, ಅದರದೇ ವಿಷ್ಣು, ಅದರದೇ ಶಿವ. ಅಷ್ಟರಲ್ಲಿ ನೆಲದ ಮೇಲೆ ಇರುವೆಗಳ ಸಾಲು ಬಂತು. ಹುಡುಗ ಅದನ್ನು ನೋಡಿ ನಕ್ಕ. ಯಾಕೆ ನಕ್ಕೆ ಎಂದು ಇಂದ್ರ ಕೇಳಿದ. “ಈ ಒಂದೊಂದು ಇರುವೆಯೂ ಹಿಂದೊಮ್ಮೆ ಇಂದ್ರನಾಗಿತ್ತು.”

ಅರಮನೆಯ ಕೆಲಸ ಅಲ್ಲಿಗೆ ನಿಂತಿತು. “ಆದರೆ ನೋಡು,” ಎಂದಳು ನನ್ನಾಕೆ, “ಇಷ್ಟು ಬ್ರಹ್ಮಾಂಡ ನೋಡಿಕೊಳ್ಳೋನು ಒಬ್ಬ ಇಂದ್ರನ ಜಂಬ ಇಳಿಸೋಕೆ ಅವನ ಬಾಗಿಲಿಗೇ ಬಂದ.”

ಹುಡುಗಿ ಕಾಯಿ ಮುರಿಯುವುದನ್ನು ನಿಲ್ಲಿಸಿ ಕೂತಳು. ಇದೇ ಸಮಯ ಎಂದು ನಾನೂ ನನ್ನ ಬ್ಯಾಂಕಿನ ಕಥೆ ತೆಗೆದೆ. ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಖೆ. ಅಲ್ಲೊಬ್ಬ ಹಿರಿಯರು ತೆಂಗಿನಕಾಯಿ ಮಾರಿದ ದುಡ್ಡು ಕಟ್ಟುತ್ತಿದ್ದರು. ಬ್ಯಾಂಕ್ ಎಂದರೆ ಅವರಿಗೆ ನಮ್ಮ ಆ ಎರಡು ಕೋಣೆ, ಐದು ಜನ, ಒಂದು ತಿಜೋರಿ. ಒಂದು ದಿನ ಗೋಡೆಯ ಕ್ಯಾಲೆಂಡರ್ ನೋಡಿ ಯಾರೋ ಓದಿ ಹೇಳಿದರು, ಈ ಬ್ಯಾಂಕಿಗೆ ದೇಶದ ತುಂಬ ನೂರಾರು ಶಾಖೆ ಇವೆ ಎಂದು. ಅವರು ಗಾಬರಿಯಾಗಿ ಕೌಂಟರಿಗೆ ಬಂದರು. “ಅಷ್ಟೊಂದ್ ಬ್ರಾಂಚ್ ಐತಾ ಸಾಮಿ? ಹಂಗಾರೆ ನನ್ ದುಡ್ಡು ಯಾವ್ದರಾಗೈತೆ?” ನಾನು ಲೆಡ್ಜರ್ ತೆಗೆದು ಅವರ ಹೆಸರಿನ ಪುಟ ತೋರಿಸಿದೆ. ಪಾಸ್‌ಬುಕ್ ಪಕ್ಕದಲ್ಲಿಟ್ಟು ತಾಳೆ ಮಾಡಿದೆ. ಶಾಖೆಗಳು ನೂರಾರು ಇದ್ದರೂ ಅವರ ಪುಟದಲ್ಲಿ ಒಂದು ಪೈಸೆ ಕಡಿಮೆಯಾಗಿರಲಿಲ್ಲ. ನಿರಾಳವಾಗಿ ಹೋದರು.

“ಸಾಲು ಉದ್ದವಾದಷ್ಟೂ ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ, ಇದು ನಮ್ಮ ಕೌಂಟರಿನ ಕಾನೂನು,” ಎಂದೆ. “ದೇವರೂ ನನ್ನ ಹಾಗೆ ಒಬ್ಬ ಗುಮಾಸ್ತ ಅಂದುಕೊಂಡರೆ ಮಾತ್ರ, ಬೇರೆ ಗ್ರಹದವರೂ ಸಾಲಿಗೆ ಬಂದು ನಿಂತಾರೇನೋ ಅಂತ ಹೆದರಬೇಕು.”

ಚೆನ್ನಾಗಿ ಹೇಳಿದೆ ಎಂದು ಒಳಗೊಳಗೇ ಖುಷಿಪಡುತ್ತಿದ್ದೆ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು:

“ಆದ್ರೆ ತಾತ, ಅವರು ಲೆಡ್ಜರ್ ನೋಡಿದ್ರು. ನಾನು ನೋಡಿಲ್ವಲ್ಲ.”

ಮೂವತ್ತಾರು ವರ್ಷ ಸರ್ವೀಸಿನಲ್ಲಿ ನನ್ನ ಯಾವ ಆಡಿಟರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಬೇರೆ ಲೋಕಗಳಿದ್ದರೂ ನಂಬಿಕೆ ಮುರಿಯಬೇಕಿಲ್ಲ ಎಂದು ಹೇಳಬಲ್ಲೆ. ಅದಕ್ಕೆ ಪಾದ್ರಿಗಳು, ಸಾಹೇಬರು, ಪುರಾಣ ಎಲ್ಲರ ಸಾಕ್ಷಿಯೂ ಇದೆ. ಆದರೆ ನಂಬಲೇಬೇಕು ಎನ್ನಲು ಬಿಚ್ಚಿ ತೋರಿಸುವ ಪುಟ ನನ್ನ ಕೈಯಲ್ಲಿಲ್ಲ. ಹಾಗೆಂದೇ ಅವಳಿಗೆ ಹೇಳಿದೆ.

ನನ್ನಾಕೆ ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಎದ್ದಳು. “ನಾನೂ ನೋಡಿಲ್ಲ ಕಣೇ. ನೋಡದೇನೇ ಅರವತ್ತು ವರ್ಷ ಹಚ್ಚಿದೀನಿ,” ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ.

ಹುಡುಗಿ ಅವಳ ಹಿಂದೆಯೇ ಅಡುಗೆಮನೆಗೆ ಹೋದಳು. ನಾನು ಕಿವಿಯೊಡ್ಡಿ ಕೇಳುತ್ತಿದ್ದೆ ಎಂದು ಹೇಳಲು ನಾಚಿಕೆಯೇನಿಲ್ಲ, ನಮ್ಮದು ಸಣ್ಣ ಮನೆ. “ಅಜ್ಜಿ, ನೀನು ಆಸ್ಪತ್ರೆಯಲ್ಲಿದ್ದಾಗ ನಾನು ಹಚ್ಚಿದ್ದು ದೇವರಿಗೆ ಕಂಡಿತೋ ಇಲ್ವೋ ನಂಗೊತ್ತಿಲ್ಲ. ನೀನು ಬರ್ತೀಯ ಅಂತ ಹಚ್ಚಿದ್ದೆ.” ನನ್ನಾಕೆ ಏನು ಹೇಳಿದಳೋ ಕೇಳಿಸಲಿಲ್ಲ. ಕುಕ್ಕರ್ ಕೂಗಿಬಿಟ್ಟಿತು.

ಈಗ ದೀಪ ಹಚ್ಚುತ್ತಾಳೆಯೇ ಎಂದು ನೀವು ಕೇಳುವಿರಿ. ಕೆಲವು ದಿನ ಹಚ್ಚುತ್ತಾಳೆ, ಕೆಲವು ದಿನ ಇಲ್ಲ. ನಾವಿಬ್ಬರೂ ಎಣಿಸುವುದಿಲ್ಲ. ಮೊನ್ನೆ ಹಚ್ಚಿದ ದಿನ ಬತ್ತಿ ಸರಿಮಾಡುತ್ತ ಕೇಳಿದಳು, “ಅಜ್ಜಿ, ಆ ಇರುವೆಗಳಿಗೆ ತಾವು ಇಂದ್ರ ಆಗಿದ್ದದ್ದು ಗೊತ್ತಿತ್ತಾ?”

ಅಜ್ಜಿ ಯೋಚಿಸಿದಳು. “ಅದು ಪುರಾಣದಲ್ಲಿ ಬರೆದಿಲ್ಲ. ನೀನೇ ಹೇಳು.”